ಹಠಮಾರಿ ಹುಡುಗನಿಗೆ ಏಟು ಬೇಡ, ಅಪ್ಪ-ಅಮ್ಮನಿಗೆ ವಾರಕ್ಕೊಂದು ದಿನ ಕೊಡಿ

ಬಳ್ಳಾರಿ ಕೌಲ್ ಬಜಾರಿನ ಯಾವುದೋ ಒಂದು ಕಿರಾಣಿ ಅಂಗಡಿ ಎಂದುಕೊಳ್ಳಿ. ಸಂಜೆ ಆರೂವರೆ, ಗಿರಾಕಿ ತುಂಬಿದ ಹೊತ್ತು. ಮಾಲೀಕರ ಎಂಟು ವರ್ಷದ ಮಗ ಪೆಪ್ಪರಮೆಂಟ್ ಬೇಕೆನ್ನುತ್ತಾನೆ. ಅಪ್ಪ ಬೇಡ ಎನ್ನುತ್ತಾರೆ. ಹುಡುಗ ಕಿರುಚುತ್ತಾನೆ, ತಕ್ಕಡಿ ತಳ್ಳುತ್ತಾನೆ, ಅಪ್ಪನಿಗೇ ತಿರುಗಿ ಬೈಯುತ್ತಾನೆ. ನಿಂತ ಗಿರಾಕಿಗಳೆಲ್ಲ ಜಡ್ಜ್ ಸಾಹೇಬರಾಗುತ್ತಾರೆ. "ಮುದ್ದು ಮಾಡಿ ಕೆಡಿಸ್ಯಾರ" ಅಂತ ಒಬ್ಬರು. "ನಾಕು ಬಿಗೀರಿ, ತಾನೇ ಸರಿ ಹೋಗ್ತಾನ" ಅಂತ ಇನ್ನೊಬ್ಬರು. ಅಪ್ಪ ಬಿಗಿಯುತ್ತಾರೆ. ಹುಡುಗ ಇನ್ನೂ ಜೋರಾಗುತ್ತಾನೆ. ಕೊನೆಗೆ ಮರ್ಯಾದೆಗೆ ಅಂಜಿದ ಅಪ್ಪ ಡಬ್ಬಿ ತೆಗೆದು ಎರಡು ಪೆಪ್ಪರಮೆಂಟ್ ಕೈಗಿಟ್ಟು ಒಳಗೆ ಕಳಿಸುತ್ತಾರೆ.

ನಾಳೆಯೂ ಇದೇ ಕತೆ, ನಾಡಿದ್ದೂ ಇದೇ ಕತೆ. ಇಂಥ ಮನೆ ಓಣಿಗೊಂದು ಇದೆ. ಹೊರಗೆ ಹೇಳಿಕೊಳ್ಳುವವರು ಮಾತ್ರ ಇಲ್ಲ.

ಹಠ ಮಾಡದ ಮಗು ಯಾವುದಿದೆ? ಹಠವೆಲ್ಲ ರೋಗವಲ್ಲ. ಆದರೆ ಮಾತು ಮಾತಿಗೆ ಸಿಟ್ಟು, ದೊಡ್ಡವರೊಂದಿಗೆ ವಾದ, ಹೇಳಿದ್ದಕ್ಕೆಲ್ಲ ಉದ್ದೇಶಪೂರ್ವಕ ಧಿಕ್ಕಾರ, ಬೇಕೆಂದೇ ಕೆಣಕುವುದು, ತನ್ನ ತಪ್ಪನ್ನು ಬೇರೆಯವರ ತಲೆಗೆ ಕಟ್ಟುವುದು, ಸೇಡು ಇಟ್ಟುಕೊಳ್ಳುವುದು, ಇಂಥವು ನಾಲ್ಕಾದರೂ ಸೇರಿ 6 ತಿಂಗಳು ಬಿಡದೆ ನಡೆದರೆ, ಮನೆಯಲ್ಲೋ ಶಾಲೆಯಲ್ಲೋ ಬದುಕು ಕೆಟ್ಟರೆ, ಆಗ ಅದು ಬರೀ ಹಠವಲ್ಲ. ವೈದ್ಯರು ಇದಕ್ಕೆ ಅಪೋಜಿಷನಲ್ ಡಿಫಯಂಟ್ ಡಿಸಾರ್ಡರ್ ಎನ್ನುತ್ತಾರೆ. ಚಿಕ್ಕದಾಗಿ ಓ.ಡಿ.ಡಿ. ಸದಾ ಎದುರು ಬೀಳುವ ಮನಸ್ಸಿನ ತೊಂದರೆ ಎಂದರೆ ಸಾಕು. 1980ರಿಂದಲೂ ವೈದ್ಯರ ಪಟ್ಟಿಯಲ್ಲಿರುವ ಈ ತೊಂದರೆಯ ಹೆಸರು ಪೇಟೆಗೆ ಇನ್ನೂ ಬಂದಿಲ್ಲ.

ಹೆಸರು ಗೊತ್ತಿಲ್ಲದ್ದಕ್ಕೆ ಮದ್ದು ಎಲ್ಲಿ ಹುಡುಕುವುದು? ತಾಯತ ಕಟ್ಟಿಸಿದ್ದಾಯಿತು, ಹರಕೆ ಹೊತ್ತದ್ದಾಯಿತು, ಹಾಸ್ಟೆಲ್ಲಿಗೆ ಹಾಕಿದ್ದಾಯಿತು, ಅಲ್ಲಿಂದ ವಾಪಸು ಕಳಿಸಿದ್ದೂ ಆಯಿತು. ಕಡೆಗೆ ಉಳಿಯುವುದು ಬೆತ್ತ. ಬೆತ್ತದಿಂದ ಇದು ವಾಸಿಯಾಗುವುದಿಲ್ಲ, ಹೆಚ್ಚಾಗುತ್ತದೆ.

ಯಾಕೆಂದು ಅಮೆರಿಕದ ಆರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್‌ಸನ್ ಎಂಬ ಮನಃಶಾಸ್ತ್ರಜ್ಞರು ಮತ್ತು ಅವರ ಸಂಗಡಿಗರು ಮನೆ ಮನೆಗೆ ಹೋಗಿ ಕೂತು ನೋಡಿದರು. 1982ರಲ್ಲಿ ಪ್ಯಾಟರ್‌ಸನ್ ಅದನ್ನು ಪುಸ್ತಕವಾಗಿ ಬರೆದರು. ಅವರು ಕಂಡದ್ದು ಮೇಲಿನ ಅಂಗಡಿಯ ಕತೆಯನ್ನೇ. ಹುಡುಗ ಕಿರುಚಿದ, ಅಪ್ಪ ಸೋತರು, ಕಿರುಚಿದರೆ ಪೆಪ್ಪರಮೆಂಟ್ ಸಿಗುತ್ತದೆ ಎಂದು ಹುಡುಗ ಕಲಿತ. ಕೊಟ್ಟರೆ ಕಿರುಚಾಟ ನಿಲ್ಲುತ್ತದೆ ಎಂದು ಅಪ್ಪನೂ ಕಲಿತರು. ಒಬ್ಬರಿಗೊಬ್ಬರು ಗೊತ್ತಿಲ್ಲದೆ ಪಾಠ ಹೇಳಿಕೊಂಡರು. ಇಬ್ಬರೂ ಕೆಟ್ಟವರಲ್ಲ, ಇಬ್ಬರೂ ಒಂದೇ ಬಲೆಯಲ್ಲಿ ಬಿದ್ದವರು.

ಹಾಗಾಗಿ ಇದರ ಮುಖ್ಯ ಚಿಕಿತ್ಸೆ ಗುಳಿಗೆಯಲ್ಲ. ಅಪ್ಪ-ಅಮ್ಮನಿಗೆ ಕೊಡುವ ತರಬೇತಿ. ದಿನಕ್ಕೆ ಹತ್ತು ಹದಿನೈದು ನಿಮಿಷ ಬೈಗುಳವಿಲ್ಲದೆ ಮಗುವಿನ ಜೊತೆ ಆಡುವುದು. ಒಳ್ಳೆಯದು ಮಾಡಿದ ಕ್ಷಣದಲ್ಲೇ ಹೆಸರಿಟ್ಟು ಮೆಚ್ಚುವುದು: "ಕರೆದ ಕೂಡಲೆ ಬಂದೆಯಲ್ಲ, ಭೇಷ್." ಹತ್ತು ಮಾತಿನ ಬದಲು ಒಂದೇ ಸ್ಪಷ್ಟ ಮಾತು ಹೇಳುವುದು. ಮಾತು ಮೀರಿದರೆ ಸಣ್ಣ ಶಿಕ್ಷೆ, ಟಿ.ವಿ. ಅರ್ಧ ತಾಸು ಬಂದ್, ಅಷ್ಟೇ. ಆದರೆ ಹೇಳಿದ್ದನ್ನು ಮಾಡಲೇಬೇಕು, ಅಪ್ಪ ಇಲ್ಲ ಎಂದದ್ದನ್ನು ಅಜ್ಜಿ ಹೌದು ಎನ್ನಬಾರದು. ಸೋಲುವುದನ್ನು ನಿಲ್ಲಿಸಿದ ಮೊದಮೊದಲ ದಿನಗಳಲ್ಲಿ ಹುಡುಗನ ರಂಪ ಜಾಸ್ತಿಯಾಗುವುದುಂಟು. ಬಹಳ ಮಂದಿ ಕೈಬಿಡುವುದು ಅಲ್ಲೇ. "ಇದು ಹೀಗೇ ಆಗ್ತದೆ, ತಡ್ಕೊಳ್ಳಿ" ಎಂದು ಪಕ್ಕದಲ್ಲಿ ಕೂತು ಹೇಳುವವರು ಬೇಕು. ಅದಕ್ಕೇ ಚಿಕಿತ್ಸಕರು ಬೇಕಾಗುವುದು.

ಇನ್ನೊಂದು ಮಾತು. ಎದುರು ಬೀಳುವ ಮಗುವಿನ ಹಿಂದೆ ಬೇರೆ ತೊಂದರೆ ಅಡಗಿರಬಹುದು. ಒಂದೆಡೆ ಕೂರಲಾಗದ ಎ.ಡಿ.ಎಚ್.ಡಿ., ಅಕ್ಷರ ಹತ್ತದ ಕಲಿಕೆಯ ತೊಂದರೆ, ಮಂದ ಕಿವಿ, ಮನೆಯಲ್ಲಿ ದಿನಾ ಕುಡಿತ, ಹೊಡೆತ. ಇವನ್ನು ಪರೀಕ್ಷಿಸದೆ "ಪೋಕರಿ" ಎಂಬ ಮೊಹರು ಒತ್ತಿದರೆ ಮಗುವಿಗೆ ಎರಡು ಸಲ ಅನ್ಯಾಯ.

ಹಾಗಾದರೆ ಎಲ್ಲಿಗೆ ಹೋಗುವುದು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗವಿದೆ. ಬಳ್ಳಾರಿಯಿಂದ ಸುಮಾರು 300 ಕಿಲೋಮೀಟರ್. ಧಾರವಾಡದ ಡಿಮ್ಹಾನ್ಸ್ ಕೂಡ ಬಾಗಿಲ ಮುಂದೇನಿಲ್ಲ. ಒಂದು ಸಲ ರಾತ್ರಿ ಬಸ್ಸು ಹತ್ತಿ ಹೋಗಿ ಬರಬಹುದು. ಆದರೆ ಈ ತರಬೇತಿ ವಾರಕ್ಕೊಮ್ಮೆಯಂತೆ 10-12 ಸಲ, ಕೆಲವರಿಗೆ ಇನ್ನೂ ಹೆಚ್ಚು. ವಾರ ವಾರ ಅಂಗಡಿ ಮುಚ್ಚಿ, ಇಬ್ಬರ ಟಿಕೆಟ್ಟು, ಮಗುವಿಗೆ ಅರ್ಧ ಟಿಕೆಟ್ಟು ಕೊಟ್ಟು ಯಾರು ಹೋಗಲಾದೀತು? ಎರಡು ಸಲ ಹೋಗಿ ಬಿಟ್ಟುಬಿಡುತ್ತಾರೆ. ಆಮೇಲೆ "ಅಲ್ಲೂ ತೋರಿಸಿದ್ವಿ, ಏನೂ ಆಗಲಿಲ್ಲ" ಎನ್ನುತ್ತಾರೆ. ತಪ್ಪು ಅವರದಲ್ಲ, ದಾರಿಯ ದೂರದ್ದು.

ಈ ದೂರವನ್ನು ಕಡಿಮೆ ಮಾಡಬಹುದೆಂದು ದೇಶಕ್ಕೆ ತೋರಿಸಿದ ಜಿಲ್ಲೆ ಯಾವುದು? ಇದೇ ಬಳ್ಳಾರಿ! 1980ರ ದಶಕದ ಮಧ್ಯದಲ್ಲಿ ನಿಮ್ಹಾನ್ಸ್ ವೈದ್ಯರು ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗದ ಪಾಠ ಹೇಳಿ, ಹಳ್ಳಿಯಲ್ಲೇ ಚಿಕಿತ್ಸೆ ಸಿಗುವಂತೆ ಮಾಡಿದರು. ಆ "ಬಳ್ಳಾರಿ ಮಾದರಿ"ಯನ್ನೇ ಮುಂದಿಟ್ಟುಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. 2013ರಲ್ಲಿ ಶಾಲೆ, ಅಂಗನವಾಡಿ ಮಕ್ಕಳ ತಪಾಸಣೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. 2014ರಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ಮನೋಚೈತನ್ಯ ಯೋಜನೆ ರಾಜ್ಯದಲ್ಲಿ ಶುರುವಾಯಿತು. 2022ರಿಂದ ಟೆಲಿ ಮಾನಸ್ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಯೋಜನೆಗಳ ಹೆಸರಿಗೆ ಬರವಿಲ್ಲ. ಬೇಕಾದದ್ದು ಹೆಸರಲ್ಲ, ದಿನ ಮತ್ತು ವೇಳೆ. ಜಿಲ್ಲಾ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಮಕ್ಕಳ ವರ್ತನೆಗೆಂದೇ ಮೀಸಲಿಡಲಿ. ಈಗಾಗಲೇ ಇಟ್ಟಿದ್ದರೆ ಗುಟ್ಟಾಗಿ ಇಡಬೇಡಿ, ಬಸ್ ನಿಲ್ದಾಣದಲ್ಲಿ ಬೋರ್ಡು ಹಾಕಿ. ಬರೀ ಬೆಳಗಿನ ಓ.ಪಿ.ಡಿ. ಸಾಲದು, ಅಂಗಡಿಯವರೂ ಕೂಲಿಯವರೂ ಬರಬಲ್ಲ ಹೊತ್ತಿರಲಿ. ಸಂಡೂರು, ಸಿರುಗುಪ್ಪದಲ್ಲಿ ತಿಂಗಳಿಗೆ ಎರಡು ಸಲವಾದರೂ ಆಪ್ತಸಮಾಲೋಚಕರು ಕೂರಲಿ. ಐದಾರು ಮನೆಯವರನ್ನು ಒಟ್ಟಿಗೆ ಕೂರಿಸಿ ಕಲಿಸಬಹುದು, ಖರ್ಚೂ ಕಡಿಮೆ, "ನಮ್ಮ ಮನೆಯೊಂದೇ ಅಲ್ಲ" ಎಂಬ ಧೈರ್ಯವೂ ಬಂದೀತು.

ಮೇಷ್ಟ್ರುಗಳಿಗೂ ಒಂದು ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಟಿ.ಸಿ. ಕೊಟ್ಟು ಕಳಿಸಿದರೆ ಶಾಲೆಯ ತಲೆನೋವು ಹೋದೀತು, ಹುಡುಗನದು ಹೋಗುವುದಿಲ್ಲ. ಒಳ್ಳೆಯದು ಕಂಡಾಗ ಒಂದು ಚೀಟಿ ಮನೆಗೆ ಬರೆದು ಕಳಿಸಿದರೂ ಅದು ಚಿಕಿತ್ಸೆಯೇ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರೆ. ಹಾಗೆಂದು ಗಿಡ ಮುರಿಯುವುದಲ್ಲ. ಇಂಥ ಮಕ್ಕಳಲ್ಲಿ ಬಹಳಷ್ಟು ಮಂದಿ ಸಮಯಕ್ಕೆ ನೆರವು ಸಿಕ್ಕರೆ ಸುಧಾರಿಸುತ್ತಾರೆ. ಸಿಗದಿದ್ದರೆ ಕೆಲವರ ಹಠ ಮುಂದೆ ಕಳ್ಳತನ, ಹೊಡೆದಾಟಕ್ಕೆ ತಿರುಗಿ, ಆಸ್ಪತ್ರೆ ಮಾಡಬೇಕಾದ ಕೆಲಸ ಪೊಲೀಸ್ ಠಾಣೆಗೆ ಹೋಗುತ್ತದೆ. ದೇಶಕ್ಕೆ ಮಾದರಿಯಾದ ಜಿಲ್ಲೆ ಅದಕ್ಕೆ ಮೊದಲೇ ಎಚ್ಚರಾಗಲಿ.

ಮುಂದಿನ ಸಲ ಅಂಗಡಿ ಮುಂದೆ ಯಾರದೋ ಮಗ ಕಿರುಚಿದಾಗ ತೀರ್ಪು ಕೊಡುವುದು ಬೇಡ. ಆ ಅಪ್ಪನ ಕೈಗೆ 14416 ಎಂದು ಬರೆದ ಚೀಟಿ ಕೊಟ್ಟರೆ ಸಾಕು.