ಅಕ್ಕಿಪೇಟೆಯಿಂದ ಕೋಟೆಗೆ ಎಷ್ಟು ದೂರ?

ಅಕ್ಕಿಪೇಟೆಯಿಂದ ಬೆಂಗಳೂರು ಕೋಟೆಗೆ ನಡೆದು ಹೋಗಲು ಅರ್ಧ ಗಂಟೆ ಸಾಕು. ಆದರೂ ಅಲ್ಲೇ ಹುಟ್ಟಿ ಬೆಳೆದ ನಮ್ಮ ನೆಂಟರ ಮಕ್ಕಳು ಅದರೊಳಗೆ ಕಾಲಿಟ್ಟಿರಲಿಲ್ಲ. ರಜೆ ಬಂದರೆ ಮೈಸೂರು, ಊಟಿ. ಅದೂ ಆಗದಿದ್ದರೆ ಮಾಲ್. ಕಳೆದ ಬೇಸಿಗೆಯ ಒಂದು ಭಾನುವಾರ ಮನೆಮಂದಿಯನ್ನೆಲ್ಲ ಹೊರಡಿಸಿಕೊಂಡು ಕೋಟೆ, ಟಿಪ್ಪು ಅರಮನೆ, ಲಾಲ್‌ಬಾಗ್ ಸುತ್ತಿ ಬಂದೆವು.

ಅರಮನೆಯ ತೇಗದ ಕಂಬಗಳ ಕೆಳಗೆ ನಿಂತು ಐದನೇ ತರಗತಿಯ ಹುಡುಗ ಕೇಳಿದ: “ಚಾಚಾ, ಇದು ನಮ್ಮೋರ್ದಲ್ವಾ?” ಹೌದು ಎಂದೆ. ಹೊರಬಂದಾಗ ಪಕ್ಕದ ಕೋಟೆ ವೆಂಕಟರಮಣ ದೇವಾಲಯದತ್ತ ಕೈ ತೋರಿಸಿ, “ಹಾಗಾದ್ರೆ ಅದು ಅವ್ರ್ದಾ?” ಎಂದ. ನನ್ನ ಮೊದಲ ಉತ್ತರಕ್ಕೆ ನನಗೇ ನಾಚಿಕೆಯಾಯಿತು.

ಹತ್ತು ವರ್ಷದ ಮಗುವಿಗೆ ಈ ಲೆಕ್ಕ ಕಲಿಸಿದವರು ಯಾರು? ಕೋಮುವಾದಿಗಳು ಎಂದುಬಿಡುವುದು ಸುಲಭ. ಅವರ ಪಾಲು ದೊಡ್ಡದೇ. ಆದರೆ ನಮ್ಮ ವೇದಿಕೆಗಳೇನು ಕಡಿಮೆಯೇ? ಸರಕಾರ 2015ರಲ್ಲಿ ಟಿಪ್ಪು ಜಯಂತಿ ಆರಂಭಿಸಿದಾಗ ಜಯಕಾರ ಹಾಕಿದೆವು, 2019ರಲ್ಲಿ ಇನ್ನೊಂದು ಸರಕಾರ ನಿಲ್ಲಿಸಿದಾಗ ಕೂಗಾಡಿದೆವು. ಹಾಗೆ ಕೂಗಿದವರಲ್ಲಿ ಎಷ್ಟು ಮಂದಿ ಮಕ್ಕಳ ಕೈ ಹಿಡಿದು ಆ ಅರಮನೆಯ ಮೆಟ್ಟಿಲು ಹತ್ತಿದ್ದಾರೆ? ಒಳಗೆ ಹೋಗಲು ಒಂದು ಪ್ಲೇಟ್ ಬಿರಿಯಾನಿಯಷ್ಟೂ ಖರ್ಚಿಲ್ಲ.

ಹೋಗಿದ್ದರೆ ಕಣ್ಣಿಗೇ ಕಾಣುತ್ತಿತ್ತು. ಆ ದೇವಾಲಯ ಚಿಕ್ಕದೇವರಾಜ ಒಡೆಯರ ಕಾಲದ್ದು. ಸುಮಾರು ನೂರು ವರ್ಷಗಳ ನಂತರ, 1781ರಲ್ಲಿ, ಹೈದರಲಿ ಅದರ ಪಕ್ಕದಲ್ಲೇ ಅರಮನೆ ಕಟ್ಟಿಸಲು ತೊಡಗಿದ. ಟಿಪ್ಪು 1791ರಲ್ಲಿ ಮುಗಿಸಿದ. ಪಕ್ಕದ ಗಂಟೆಯ ಸದ್ದು ಇಬ್ಬರಿಗೂ ಅಡ್ಡಿಯಾಗಲಿಲ್ಲ. ಕೋಟೆಯೊಳಗೆ ಗಣಪತಿಯ ಗುಡಿ ಇಂದಿಗೂ ಇದೆ. ಕೋಟೆಯೂ ಒಬ್ಬರದ್ದಲ್ಲ: ಕೆಂಪೇಗೌಡರ ಮಣ್ಣಿನ ಕೋಟೆ ಹೈದರಲಿಯ ಕಾಲದಲ್ಲಿ ಕಲ್ಲಿನದಾಯಿತು. ಬಹುಪಾಲನ್ನು ಕೆಡವಿದ ಮೇಲೆ ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಸುತ್ತಲಿನ ಒಂದು ತುಂಡು.

ಆ ತುಂಡಿನ ಹೊರಗೋಡೆಯಲ್ಲಿ ಇಂಗ್ಲಿಷಿನ ಒಂದು ಕಲ್ಲುಫಲಕವಿದೆ. 1791ರ ಮಾರ್ಚ್ 21ರಂದು ಬ್ರಿಟಿಷರು ಇಲ್ಲಿ ಗೋಡೆ ಒಡೆದು ನುಗ್ಗಿದರೆಂದು ಅದು ಹೇಳುತ್ತದೆ. ಒಳಗೆ ಹೋರಾಡಿ ಮಡಿದ ಕಿಲ್ಲೇದಾರ ಬಹದ್ದೂರ್ ಖಾನನ ಹೆಸರು ಅದರಲ್ಲಿಲ್ಲ. ಗೆದ್ದವರು ತಮ್ಮ ಕಥೆ ಬರೆದುಕೊಂಡರು, ಸರಿ. ನಾವಾದರೂ ಆತನ ಹೆಸರನ್ನು ನಮ್ಮ ಮಕ್ಕಳಿಗೆ ಹೇಳಿದ್ದೇವೆಯೇ? ಹುಡುಗನಿಗೆ ಗೊತ್ತಿರಲಿಲ್ಲ. ಅವನ ಅಪ್ಪನಿಗೂ ಗೊತ್ತಿರಲಿಲ್ಲ.

ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಅಂತ್ಯವೇನಾಯಿತೆಂದು ನೋಡುವಂತೆ ಕುರ್‌ಆನ್ ಮತ್ತೆ ಮತ್ತೆ ಹೇಳುತ್ತದೆ. ನೋಡಿ ಪಾಠ ಕಲಿಯಲೆಂದು, ಮೀಸೆ ತಿರುವಲೆಂದಲ್ಲ. ಆದ್ದರಿಂದ ಹೇಳುವುದಿದ್ದರೆ ಪೂರ್ತಿ ಹೇಳಬೇಕು. ಅದೇ 1791ರಲ್ಲಿ ಮರಾಠಾ ಪಡೆ ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಟಿಪ್ಪು ನೆರವು ಕಳುಹಿಸಿದ. ಮಠದಲ್ಲಿ ಆತನ ಪತ್ರಗಳು ಸಿಕ್ಕಿವೆ. ಅದೇ ಟಿಪ್ಪುವಿನ ಸೈನ್ಯ ಕೊಡಗಿನವರನ್ನು, ಮಂಗಳೂರಿನ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಿತು. ಮೊದಲನೆಯದನ್ನು ಭಾಷಣದಲ್ಲಿ ಹೇಳಿ ಎರಡನೆಯದನ್ನು ನುಂಗಿಬಿಟ್ಟರೆ, ನಾಳೆ ಶಾಲೆಯಲ್ಲಿ ಯಾರೋ ಅದನ್ನು ವಿಷ ಬೆರೆಸಿ ಹೇಳುತ್ತಾರೆ. ಆಗ ನಮ್ಮ ಹುಡುಗ ಒಂದೋ ಬಾಯಿ ಮುಚ್ಚಿ ಕೂರಬೇಕು, ಇಲ್ಲವೇ ಜಗಳಕ್ಕೆ ನಿಲ್ಲಬೇಕು.

ಸಂಜೆ ಲಾಲ್‌ಬಾಗಿನಲ್ಲಿ ಹೆಂಗಸರು ಬುತ್ತಿ ಬಿಚ್ಚಿದರು. ಹೈದರಲಿ ತೊಡಗಿಸಿದ ತೋಟದ ಬಂಡೆಯ ಮೇಲೆ ಕೆಂಪೇಗೌಡರ ಗೋಪುರ. ಮಕ್ಕಳು ಅಲ್ಲಿಗೆ ಓಡಿದರು. ಮನೆಗೆ ಮರಳುವಾಗ ಅರಳೇಪೇಟೆಯ ಹಝ್ರತ್ ತವಕ್ಕಲ್ ಮಸ್ತಾನರ ದರ್ಗಾದ ಮುಂದೆ ಹಾದೆವು. ಪ್ರತಿ ವರ್ಷ ಧರ್ಮರಾಯ ದೇವಾಲಯದ ಕರಗ ಇಲ್ಲಿಗೆ ಬರುತ್ತದೆ. ಬರಬಾರದೆಂದು 2022ರಲ್ಲಿ ಕೆಲವರು ಗಲಾಟೆ ಎಬ್ಬಿಸಿದಾಗ ದೇವಾಲಯದವರು ಕಿವಿಗೊಡಲಿಲ್ಲ, ಕರಗ ಬಂದೇ ಬಂತು. “ಇದನ್ನ ಮಹಡಿಯಿಂದ ನೋಡಿದ್ದೀನಿ ಚಾಚಾ” ಎಂದ ಹುಡುಗ, “ಇದೂ ಹಿಸ್ಟರೀನಾ?”