ಎಲ್.ಇ.ಡಿ.ಗಳ ಜೋಡಣೆಯಲ್ಲಿ ಮಿತವ್ಯಯ

ಶಾಲೆಯ ವಿಜ್ಞಾನ ಪ್ರದರ್ಶನಕ್ಕಾಗಿ ಮಾದರಿ ಮನೆಯೊಂದನ್ನು ಕಟ್ಟುವ ವಿದ್ಯಾರ್ಥಿಗಳು ೧೨ ವೋಲ್ಟಿನ ಬ್ಯಾಟರಿಯಿಂದ ಆರು ಬಿಳಿಯ ಎಲ್.ಇ.ಡಿ.ಗಳನ್ನು ಬೆಳಗಿಸಬೇಕೆಂದಿಟ್ಟುಕೊಳ್ಳೋಣ. ಒಂದೊಂದಕ್ಕೂ ಒಂದೊಂದು ರೋಧಕವನ್ನು ಕೊಟ್ಟು, ಆರನ್ನೂ ಸಮಾಂತರವಾಗಿ ಜೋಡಿಸುವ ರೂಢಿಯುಂಟು. ದೀಪಗಳು ಬೆಳಗುತ್ತವೆ, ನೋಡಿದವರು ಮೆಚ್ಚುತ್ತಾರೆ. ಆದರೂ ಈ ರೂಢಿಯನ್ನು ಬಿಡುವುದು ಲೇಸೆಂದು ನಮ್ಮ ಅಭಿಪ್ರಾಯ.

ಬಿಳಿಯ ಎಲ್.ಇ.ಡಿ.ಯೊಂದು ೨೦ ಮಿಲಿಆಂಪಿಯರ್ ಪ್ರವಾಹದಲ್ಲಿ ಸುಮಾರು ೩.೨ ವೋಲ್ಟನ್ನು ಮಾತ್ರ ಬಳಸಿಕೊಳ್ಳುತ್ತದೆ. ಉಳಿದ ೮.೮ ವೋಲ್ಟು ರೋಧಕದ ಪಾಲು. ಎಂದರೆ, ಬ್ಯಾಟರಿಯು ಕೊಟ್ಟ ಶಕ್ತಿಯಲ್ಲಿ ಹೆಚ್ಚುಕಡಮೆ ಮುಕ್ಕಾಲು ಪಾಲು ರೋಧಕವನ್ನು ಬಿಸಿಮಾಡುವುದಕ್ಕೇ ವ್ಯಯವಾಗುತ್ತದೆ. ಬೆಳಕಿಗೆಂದು ತಂದ ವಿದ್ಯುತ್ತಿನಿಂದ ಒಲೆ ಹೊತ್ತಿಸಿದಂತಾಯಿತು!

ಇದರ ಬದಲಿಗೆ ಮೂರು ಎಲ್.ಇ.ಡಿ.ಗಳನ್ನು ಒಂದರ ಹಿಂದೊಂದರಂತೆ ಶ್ರೇಣಿಯಲ್ಲಿ ಜೋಡಿಸಿದರೆ ಅವೇ ೯.೬ ವೋಲ್ಟನ್ನು ತೆಗೆದುಕೊಳ್ಳುತ್ತವೆ. ಮಿಕ್ಕ ೨.೪ ವೋಲ್ಟಿಗೆ ೧೨೦ ಓಮಿನ ಒಂದೇ ರೋಧಕ ಸಾಕು. ಅದೇ ೨೦ ಮಿಲಿಆಂಪಿಯರ್ ಮೂರರ ಮೂಲಕವೂ ಹರಿಯುವುದರಿಂದ ಶೇಕಡಾ ೮೦ರಷ್ಟು ಶಕ್ತಿ ದೀಪಗಳಿಗೇ ಸಲ್ಲುತ್ತದೆ. ಇಂತಹ ಎರಡು ಸಾಲುಗಳಿಗೆ ಬೇಕಾದ ಪ್ರವಾಹ ೪೦ ಮಿಲಿಆಂಪಿಯರ್. ಹಳೆಯ ರೂಢಿಯಲ್ಲಿ ೧೨೦. ೭ ಆಂಪಿಯರ್-ಗಂಟೆಯ ಬ್ಯಾಟರಿಯು ಲೆಕ್ಕಕ್ಕೆ ೫೮ ಗಂಟೆಗಳ ಬದಲು ೧೭೫ ಗಂಟೆಗಳ ಕಾಲ ಬರುತ್ತದೆ. ವ್ಯವಹಾರದಲ್ಲಿ ಎರಡೂ ಇಷ್ಟಾಗವು. ಆದರೆ ಮೂರುಪಟ್ಟಿನ ಅಂತರ ಉಳಿದೇ ಇರುತ್ತದೆ. ರಾತ್ರಿಯ ಓದಿಗೆ ಬ್ಯಾಟರಿಯನ್ನೇ ನಂಬಿದ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ಒಂದು ಕೆಟ್ಟರೆ ಸಾಲಿನ ಮೂರೂ ಆರಿಹೋಗುವುವಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ನಿಜ. ಆದರೆ ಇನ್ನೊಂದು ಸಾಲು ಉರಿಯುತ್ತಲೇ ಇರುವುದರಿಂದ ಮನೆ ಕತ್ತಲಾಗದು.

ಮಿತವ್ಯಯವೆಂದು ಆರು ಎಲ್.ಇ.ಡಿ.ಗಳನ್ನೂ ಸಮಾಂತರವಾಗಿ ಕಟ್ಟಿ, ಎಲ್ಲಕ್ಕೂ ಸೇರಿ ಒಂದೇ ರೋಧಕವನ್ನಿಡುವುದು ಮಾತ್ರ ಸರ್ವಥಾ ಕೂಡದು. ಅದರಿಂದ ವಿದ್ಯುತ್ತೂ ಉಳಿಯದು, ದೀಪವೂ ಉಳಿಯದು. ಒಂದೇ ಪೆಟ್ಟಿಗೆಯಿಂದ ತೆಗೆದ ಎಲ್.ಇ.ಡಿ.ಗಳು ಸಹ ಗುಣದಲ್ಲಿ ಪೂರ್ತಿಯಾಗಿ ಸಮವಲ್ಲ. ವೋಲ್ಟು ಕೊಂಚ ಏರಿದರೂ ಎಲ್.ಇ.ಡಿ.ಯ ಪ್ರವಾಹ ಬಹಳ ಏರುವುದರಿಂದ, ಕಡಮೆ ವೋಲ್ಟಿನಲ್ಲಿ ಬೆಳಗುವಂಥದು ತನ್ನ ಪಾಲಿಗಿಂತ ಹೆಚ್ಚನ್ನು ಸೆಳೆದುಕೊಳ್ಳುತ್ತದೆ. ಸೆಳೆದಂತೆ ಕಾಯುತ್ತದೆ, ಕಾದಂತೆ ಮತ್ತಷ್ಟು ಸೆಳೆಯುತ್ತದೆ. ಅದು ಸುಟ್ಟುಹೋದ ಬಳಿಕ ಅದರ ಹೊರೆ ಉಳಿದ ಐದರ ಮೇಲೆ ಬೀಳುತ್ತದೆ.

ನಾಲ್ಕನ್ನು ಒಂದೇ ಸಾಲಿನಲ್ಲಿಡುವ ಆಸೆಯೂ ಬೇಡ. ಅವಕ್ಕೆ ೧೨.೮ ವೋಲ್ಟು ಬೇಕು; ೧೨ ವೋಲ್ಟಿನಲ್ಲಿ ಮಂಕಾಗುತ್ತವೆ.

ಸೌರಫಲಕದಿಂದ ತುಂಬುತ್ತಿರುವ ಬ್ಯಾಟರಿಯಿಂದಲೇ ದೀಪ ಉರಿಸುವುದಾದರೆ ಇನ್ನೊಂದು ಎಚ್ಚರ ಬೇಕು. ೧೨ ವೋಲ್ಟಿನದೆಂದು ಕರೆಯುವ ಸೀಸ-ಆಮ್ಲದ ಬ್ಯಾಟರಿಯು ತುಂಬುವಾಗ ೧೪.೪ ವೋಲ್ಟಿನವರೆಗೂ ಏರಬಹುದು. ಆಗ ಮೂರರ ಸಾಲಿನಲ್ಲಿ ರೋಧಕದ ಪಾಲು ೨.೪ರಿಂದ ೪.೮ ವೋಲ್ಟಿಗೇರಿ, ಪ್ರವಾಹ ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ. ೨೪೦ ಓಮಿನ ರೋಧಕವನ್ನಿಟ್ಟರೆ ಅಪಾಯ ತಪ್ಪುತ್ತದೆ; ಆದರೆ ೧೨ ವೋಲ್ಟಿನಲ್ಲಿ ಪ್ರವಾಹ ಅರ್ಧಕ್ಕಿಳಿದು ಬೆಳಕು ಕುಂದುತ್ತದೆ. ವೋಲ್ಟು ಏರಿಳಿದರೂ ಪ್ರವಾಹವನ್ನು ಒಂದೇ ಮಟ್ಟದಲ್ಲಿಡುವ ಡ್ರೈವರ್ ಮಂಡಲವನ್ನು ಇಂತಹ ಕಡೆ ಬಳಸುವುದೇ ಯುಕ್ತ. ಅದಕ್ಕಾಗುವ ಖರ್ಚು ದಂಡವಲ್ಲ.

ಮೊಬೈಲ್ ಚಾರ್ಜರಿನ ೫ ವೋಲ್ಟಿನಲ್ಲಿ ಎರಡು ಬಿಳಿಯ ಎಲ್.ಇ.ಡಿ.ಗಳ ಸಾಲು ಸಾಧ್ಯವಿಲ್ಲ. ಅಲ್ಲಿ ಒಂದೊಂದಕ್ಕೂ ಒಂದೊಂದು ರೋಧಕವೇ ಗತಿ. ಸುಮಾರು ೨ ವೋಲ್ಟಿನ ಕೆಂಪು ಎಲ್.ಇ.ಡಿ.ಗಳಾದರೆ ಎರಡೆರಡರ ಸಾಲು ಮಾಡಿ, ಪ್ರತಿ ಸಾಲಿಗೆ ೫೦ ಓಮಿಗೆ ಸಮೀಪದ ರೋಧಕವೊಂದನ್ನಿಡಬಹುದು.