ಲೇಬರ್ ಕಾಂಟ್ರ್ಯಾಕ್ಟೋ, ವಿತ್ ಮೆಟೀರಿಯಲ್ಲೋ?

25-30 ವರ್ಷದ ಮನೆಯನ್ನು ದುರಸ್ತಿ ಮಾಡಿಸಲು ಹೊರಟವರಿಗೆ ಮೊದಲ ವಾರದಲ್ಲೇ ಎದುರಾಗುವ ಪ್ರಶ್ನೆ ಇದು. ಬಚ್ಚಲಿನ ಗೋಡೆ ತೇವ ಹಿಡಿದಿದೆ, ಅಡುಗೆಮನೆ ಇಕ್ಕಟ್ಟಾಗಿದೆ, ಹಳೆಯ ವೈರಿಂಗ್ ಗೀಸರ್, ಎ.ಸಿ.ಯ ಭಾರ ತಡೆಯುತ್ತಿಲ್ಲ. ಕೆಲಸವನ್ನು ಯಾರ ಕೈಗೆ ಕೊಡುವುದು? ಪರಿಚಯದ ಮೇಸ್ತ್ರಿಯ ಹತ್ತಿರ ಕೂಲಿ ಮಾತ್ರ ಮಾತಾಡಿಕೊಂಡು ಸಿಮೆಂಟು, ಪೈಪು, ಟೈಲ್ಸ್ ನಾವೇ ತಂದುಕೊಡುವುದು ಒಂದು ದಾರಿ. ಸಾಮಾನು ಸಮೇತ ಇಡೀ ಕೆಲಸವನ್ನು ಒಬ್ಬ ಗುತ್ತಿಗೆದಾರನಿಗೋ ಕಂಪನಿಗೋ ಒಪ್ಪಿಸಿಬಿಡುವುದು ಇನ್ನೊಂದು. ಮೊದಲನೆಯದಕ್ಕೆ ಲೇಬರ್ ಕಾಂಟ್ರ್ಯಾಕ್ಟ್ ಎನ್ನುತ್ತಾರೆ, ಎರಡನೆಯದಕ್ಕೆ ವಿತ್ ಮೆಟೀರಿಯಲ್. ಎರಡೂ ಕಡೆ ಅನುಭವಸ್ಥರಿದ್ದಾರೆ, ಎರಡೂ ಕಡೆಯ ಮಾತಿನಲ್ಲಿ ಹುರುಳಿದೆ. ನಿವೃತ್ತಿಯ ಹಣವನ್ನೋ ಬ್ಯಾಂಕಿನ ಸಾಲವನ್ನೋ ನೆಚ್ಚಿ ಕೆಲಸಕ್ಕೆ ಕೈಹಾಕಿದ ಕುಟುಂಬ ಇದನ್ನು ಅವಸರದಲ್ಲಿ ತೀರ್ಮಾನಿಸಬಾರದು.

ಹೊಸ ಮನೆ ಕಟ್ಟುವಾಗ ಲೆಕ್ಕ ಸರಳ. ಚದರಕ್ಕೆ, ಅಂದರೆ 100 ಚದರಡಿಗೆ, ಇಷ್ಟು ಎಂದು ಮಾತು ಮುಗಿಯುತ್ತದೆ. ದುರಸ್ತಿಗೆ ಆ ಲೆಕ್ಕ ಹೊಂದುವುದಿಲ್ಲ. ಟೈಲ್ಸ್‌ಗೆ ಚದರಡಿ, ವೈರಿಂಗ್‌ಗೆ ಪಾಯಿಂಟ್, ಗ್ರಾನೈಟ್ ಅಂಚಿಗೆ ರನ್ನಿಂಗ್ ಫೂಟ್, ಒಡೆಯುವ ಕೆಲಸಕ್ಕೆ ಆಳು, ಒಡೆದ ಮಣ್ಣು ಸಾಗಿಸಲು ಲೋಡು, ಹೀಗೆ ಒಂದೊಂದಕ್ಕೆ ಒಂದೊಂದು ಅಳತೆ. ಸಾಲದ್ದಕ್ಕೆ, ಗೋಡೆ ಒಡೆಯುವ ತನಕ ಒಳಗೇನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ತುಕ್ಕು ತಿಂದ ಜಿ.ಐ. ಪೈಪ್ ಇರಬಹುದು, ತಾರಸಿಯ ಕಬ್ಬಿಣ ಉಬ್ಬಿ ಕಾಂಕ್ರೀಟು ಸಿಡಿದಿರಬಹುದು. ಈ ಕಾಣದ ಖರ್ಚು ಯಾರ ತಲೆಗೆ ಬರುತ್ತದೆ ಎಂಬಲ್ಲಿಯೇ ಎರಡು ಪದ್ಧತಿಗಳು ಬೇರೆಯಾಗುತ್ತವೆ. ಲೇಬರ್ ಕಾಂಟ್ರ್ಯಾಕ್ಟಿನಲ್ಲಿ ಅದು ನೇರವಾಗಿ ಮನೆಯವರದು. ಪೂರ್ತಿ ಗುತ್ತಿಗೆಯಲ್ಲಿ ಗುತ್ತಿಗೆದಾರ ಅದರ ಒಂದಷ್ಟು ಪಾಲನ್ನು ಹೊರುತ್ತಾನೆ, ಹೊರುವುದಕ್ಕೆಂದು ಮೊದಲೇ ದರದಲ್ಲಿ ಸೇರಿಸಿಯೂ ಇರುತ್ತಾನೆ.

ಲೇಬರ್ ಕಾಂಟ್ರ್ಯಾಕ್ಟಿನ ದೊಡ್ಡ ಅನುಕೂಲವೆಂದರೆ ಸಾಮಾನಿನ ಗುಣಮಟ್ಟ ನಮ್ಮ ಕೈಯಲ್ಲಿರುತ್ತದೆ. ಚೀಲದ ಮೇಲೆ ಅಚ್ಚಾದ ತಯಾರಿಕೆಯ ವಾರ ನೋಡಿ, ಮೂರು ತಿಂಗಳು ದಾಟಿದ ಸಿಮೆಂಟನ್ನು ಬೇಡವೆನ್ನಬಹುದು. ವೈರ್ ಮೇಲೆ ಐ.ಎಸ್. 694 ಎಂಬ ಗುರುತು ಇದೆಯೇ ಎಂದು ಪರೀಕ್ಷಿಸಬಹುದು. ಅಡುಗೆಮನೆಯ ಸಿಂಕ್ ಕೆಳಗೆ ಸಾಮಾನ್ಯ ಬಳಕೆಯ ಐ.ಎಸ್. 303 ಪ್ಲೈವುಡ್ ಸಾಕೋ, ನೀರು ತಡೆಯುವ ಐ.ಎಸ್. 710 ಬೇಕೋ ಎಂದು ನಾವೇ ನಿರ್ಧರಿಸಬಹುದು. ಸಾಮಾನಿನ ಮೇಲೆ ಗುತ್ತಿಗೆದಾರ ಇಡುವ ಲಾಭಾಂಶ ಉಳಿಯುತ್ತದೆ. ಅದೇ ಬಡಾವಣೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಮೇಸ್ತ್ರಿಗೆ ಹೆಸರು ಕೆಟ್ಟರೆ ಮುಂದಿನ ಕೆಲಸ ಸಿಗುವುದಿಲ್ಲ. ಅವನು ತಾನೇ ಕರಣೆ ಹಿಡಿಯುತ್ತಾನೆ, ಆರು ತಿಂಗಳ ಮೇಲೆ ಎಲ್ಲಾದರೂ ಟೈಲ್ಸ್ ಎದ್ದರೆ ಒಂದು ಫೋನಿಗೆ ಬಂದು ಸರಿ ಮಾಡಿಕೊಡುತ್ತಾನೆ. ಈ ಸಂಬಂಧಕ್ಕೆ ಬೆಲೆಯಿದೆ.

ಆದರೆ ಇದಕ್ಕೆ ಮನೆಯಲ್ಲಿ ಒಬ್ಬರು ಇಡೀ ದಿನ ನಿಲ್ಲಬೇಕು. ಬೆಳಿಗ್ಗೆ ಮರಳು ಬರದಿದ್ದರೆ ಗಾರೆಯವರು, ಆಳುಗಳು ಸುಮ್ಮನೆ ಕೂರುತ್ತಾರೆ, ಕೂಲಿ ಮಾತ್ರ ಓಡುತ್ತದೆ. ಗಾರೆ ಹಚ್ಚಿದ ಗೋಡೆಗೆ ಕನಿಷ್ಠ ಒಂದು ವಾರ ನೀರುಣಿಸುವುದನ್ನು ಯಾರಾದರೂ ನೆನಪಿಟ್ಟು ಮಾಡಬೇಕು. ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವ ಎಷ್ಟೋ ಜನ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರು. ಬಿತ್ತನೆಗೆ, ಊರ ಜಾತ್ರೆಗೆ ಅವರು ಹೊರಟರೆ ಸಣ್ಣ ಮೇಸ್ತ್ರಿಯ ಹತ್ತಿರ ಬದಲಿ ಆಳುಗಳಿರುವುದಿಲ್ಲ. ಇದಕ್ಕಿಂತ ಗಂಭೀರವಾದದ್ದು ಹೊಣೆ ಚದುರಿಹೋಗುವುದು. ಬಚ್ಚಲು ಸೋರಿದರೆ ಪ್ಲಂಬರ್ ಟೈಲ್ಸ್‌ನವನ ಕಡೆ ಕೈ ತೋರಿಸುತ್ತಾನೆ, ಟೈಲ್ಸ್‌ನವನು ವಾಟರ್‌ಪ್ರೂಫಿಂಗ್ ಮಾಡಿದವನ ಕಡೆ. ಮೂವರನ್ನೂ ಬೇರೆಬೇರೆಯಾಗಿ ಕರೆಸಿದ್ದು ಮನೆಯ ಯಜಮಾನರೇ ಆದ್ದರಿಂದ ಕೊನೆಗೆ ಅವರೇ ಮತ್ತೊಮ್ಮೆ ದುಡ್ಡು ಸುರಿಯುತ್ತಾರೆ.

ಪೂರ್ತಿ ಗುತ್ತಿಗೆಯ ಬಲ ಇರುವುದೇ ಇಲ್ಲಿ. ಸೋರಿದರೆ ಕೇಳಬೇಕಾದವನು ಒಬ್ಬನೇ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ, ಹುಬ್ಬಳ್ಳಿಯಲ್ಲಿರುವ ಅಪ್ಪ ಅಮ್ಮನ ಮನೆಯನ್ನು ಹೊರದೇಶದಿಂದ ಸರಿಮಾಡಿಸುವ ಮಗಳಿಗೆ ಬೇರೆ ದಾರಿಯೂ ಕಡಿಮೆ. ಅಡುಗೆಮನೆ ದೊಡ್ಡದು ಮಾಡಲು 9 ಇಂಚಿನ ಗೋಡೆ ತೆಗೆಯಬೇಕೆಂದರೆ, ಆ ಗೋಡೆ ಮೇಲಿನ ತಾರಸಿಯನ್ನು ಹೊತ್ತಿದೆಯೇ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ನೋಡಿಯೇ ಹೇಳಬೇಕು. ಒಳ್ಳೆಯ ಗುತ್ತಿಗೆದಾರನ ಜೊತೆ ಅಂಥವರಿರುತ್ತಾರೆ. ಬಿಲ್ಲು, ಕೆಲಸದ ವೇಳಾಪಟ್ಟಿ, ಸಹಿ ಹಾಕಿದ ಒಪ್ಪಂದ ಸಿಗುತ್ತವೆ.

ಇದರ ದೋಷಗಳೂ ಸಣ್ಣವಲ್ಲ. ಮನೆಗೆ ಬಂದು ಅಂದವಾದ ಚಿತ್ರ ತೋರಿಸಿದವರು ಒಬ್ಬರು, ಕೆಲಸಕ್ಕೆ ಬರುವವರು ಇನ್ನೊಬ್ಬರು. ಬಹಳ ಸಲ ಕಂಪನಿ ಕೆಲಸವನ್ನು ಒಳಗುತ್ತಿಗೆಗೆ ಕೊಡುವುದು ನಾವೇ ಕರೆಯಬಹುದಾಗಿದ್ದಂಥ ಮೇಸ್ತ್ರಿಗೆ. ಕೊಟೇಶನ್ನಿನಲ್ಲಿ ‘ಒಳ್ಳೆಯ ಗುಣಮಟ್ಟದ ಟೈಲ್ಸ್’ ಎಂದಷ್ಟೇ ಬರೆದಿದ್ದರೆ, ನಾವು ಅಂಗಡಿಯಲ್ಲಿ ಮೆಚ್ಚಿದ್ದೆಲ್ಲ ಎಕ್ಸ್‌ಟ್ರಾ ಲೆಕ್ಕಕ್ಕೆ ಹೋಗುತ್ತದೆ. ಎಲ್ಲರಿಗಿಂತ ಕಡಿಮೆ ಹೇಳಿ ಕೆಲಸ ಹಿಡಿದವನು ತನ್ನ ಲಾಭವನ್ನು ಗೋಡೆಯೊಳಗೆ ಮುಚ್ಚಿಹೋಗುವ ಪೈಪಿನಲ್ಲಿ, ವೈರಿನಲ್ಲಿ ಹುಡುಕಿಕೊಳ್ಳುವ ಅಪಾಯವಿದೆ. ದೊಡ್ಡ ಅಡ್ವಾನ್ಸ್ ಕೊಟ್ಟಮೇಲೆ ನಮ್ಮ ಮಾತಿನ ತೂಕವೂ ಇಳಿಯುತ್ತದೆ.

ಕಾನೂನಿನ ರಕ್ಷಣೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಹಬ್ಬಿದೆ. ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಅಂದರೆ ರೇರಾ, ಇದೆಯಲ್ಲ ಎಂದು ಅನೇಕರು ನೆಮ್ಮದಿಯಾಗಿರುತ್ತಾರೆ. ರೇರಾ ಇರುವುದು ಮಾರಾಟಕ್ಕೆ ಬರುವ ಯೋಜನೆಗಳಿಗೆ, ನಮ್ಮದೇ ಮನೆಯ ದುರಸ್ತಿಗೆ ಅದು ಬರುವುದಿಲ್ಲ. ಇಲ್ಲಿ ನೆರವಾಗುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಮನೆ ನಿರ್ಮಾಣದ ಕೆಲಸವನ್ನು ಅದು ಸೇವೆ ಎಂದೇ ಎಣಿಸುತ್ತದೆ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, 5 ಲಕ್ಷದವರೆಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಆದರೆ ಆಯೋಗದ ಮುಂದೆ ಕಾಗದ ಬೇಕು. 1872ರ ಕರಾರು ಕಾಯ್ದೆಯಡಿ ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ, ಸಾಬೀತು ಮಾಡುವುದೇ ಕಷ್ಟ. ಜಿ.ಎಸ್.ಟಿ. ಉಳಿಯಲಿ ಎಂದು ಬಿಲ್ ಬೇಡವೆನ್ನುವವರು ಈ ದಾರಿಯನ್ನು ತಾವೇ ಮುಚ್ಚಿಕೊಳ್ಳುತ್ತಾರೆ. ಮೇಸ್ತ್ರಿಯ ಜೊತೆಗಾದರೂ ದರ, ಅಳತೆ, ಅವಧಿಯನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ, ಹಣವನ್ನು ಯು.ಪಿ.ಐ. ಮೂಲಕ ಕೊಟ್ಟರೆ ದಾಖಲೆ ಉಳಿಯುತ್ತದೆ.

ಎರಡನ್ನೂ ತೂಗಿದರೆ ನನ್ನ ತೀರ್ಮಾನ ಇದು. ಬಣ್ಣ, ಕಾಂಪೌಂಡು, ಒಂದು ಕೋಣೆಯ ನೆಲ, ಇಂಥ ಕಣ್ಣಿಗೆ ಕಾಣುವ, ಒಂದೇ ಕಸುಬಿನ ಕೆಲಸಕ್ಕೆ, ಮನೆಯಲ್ಲಿ ನಿಂತು ನೋಡುವವರಿದ್ದರೆ, ಲೇಬರ್ ಕಾಂಟ್ರ್ಯಾಕ್ಟ್ ಮೇಲು. ಬಚ್ಚಲು, ಅಡುಗೆಮನೆಯಂತೆ ನೀರು, ಕರೆಂಟು, ಗಾರೆ ಒಂದೇ ಗೋಡೆಯಲ್ಲಿ ಸೇರುವ ಕಡೆ, ಅಥವಾ ಭಾರ ಹೊತ್ತ ಗೋಡೆ ಮುಟ್ಟುವಾಗ, ಹೆಚ್ಚು ಹಣವಾದರೂ ಹೊಣೆ ಒಬ್ಬನ ಮೇಲಿರಲಿ. ನಡುವಿನ ದಾರಿಯೂ ಇದೆ. ಸಿಮೆಂಟು, ಮರಳು, ಪೈಪು, ವಾಟರ್‌ಪ್ರೂಫಿಂಗ್ ಗುತ್ತಿಗೆದಾರನದು, ಟೈಲ್ಸ್, ನಲ್ಲಿ, ಕಮೋಡುಗಳನ್ನು ಮನೆಯವರೇ ಆರಿಸಿ ತರುವುದು. ಅಭಿರುಚಿಯ ಆಯ್ಕೆ ನಮಗೆ ಉಳಿಯುತ್ತದೆ, ಸೋರುವಿಕೆಯ ಹೊಣೆ ಅವನಿಗೆ.

ಯಾವ ದಾರಿ ಹಿಡಿದರೂ ಮನುಷ್ಯನನ್ನು ಅಳೆಯಲು ಒಂದು ಪ್ರಶ್ನೆ ಕೇಳಿ: “ಒಡೆದ ಮೇಲೆ ಒಳಗೆ ಬೇರೇನಾದರೂ ಕಂಡರೆ?” “ಏನೂ ಆಗಲ್ಲ ಸಾರ್, ನಾನಿದ್ದೀನಲ್ಲ” ಎನ್ನುವವನಿಗಿಂತ, “ಒಡೆದು ನಿಮಗೇ ತೋರಿಸ್ತೀನಿ, ರೇಟು ಹೇಳ್ತೀನಿ, ನೀವು ಒಪ್ಪಿದ ಮೇಲೇ ಮುಂದಕ್ಕೆ” ಎನ್ನುವವನು ನಂಬಿಕಸ್ಥ. ಅವನು ಹೋದ ತಿಂಗಳು ಮುಗಿಸಿದ ಮನೆಗಿಂತ, ಒಂದು ಮಳೆಗಾಲ ದಾಟಿದ ಮನೆಯನ್ನು ನೋಡಿ ಬನ್ನಿ. ಬಚ್ಚಲಿಗೆ ಟೈಲ್ಸ್ ಹಾಕುವ ಮೊದಲು ನೀರು ಹೋಗುವ ಬಾಯಿ ಮುಚ್ಚಿ 24 ಗಂಟೆ ನೀರು ನಿಲ್ಲಿಸಿ, ಕೆಳಗಿನ ಸೂರಿನಲ್ಲಿ ತೇವ ಕಾಣುತ್ತದೆಯೇ ಎಂದು ಪರೀಕ್ಷಿಸುವ ಷರತ್ತನ್ನು ಒಪ್ಪಂದದಲ್ಲೇ ಬರೆಸಿ. ಹಣವನ್ನು ಕೆಲಸದ ಹಂತಕ್ಕೆ ತಕ್ಕಂತೆ ಕೊಡಿ, ಹತ್ತನೇ ಒಂದು ಪಾಲನ್ನು ಮಳೆ ಮುಗಿಯುವವರೆಗೆ ತಡೆದಿಡಿ. ಆದರೆ ಆ ತಡೆದಿಟ್ಟ ಹಣ ಗುತ್ತಿಗೆದಾರನ ಲಾಭದ ಪಾಲಾಗಿರಲಿ. ಶನಿವಾರದ ಬಟವಾಡೆ ನೆಚ್ಚಿ ಬದುಕುವ ಆಳುಗಳ ಕೂಲಿಯನ್ನು ಒಂದು ದಿನವೂ ತಡೆಯಬೇಡಿ. ಗುತ್ತಿಗೆದಾರನೊಂದಿಗಿನ ಜಗಳದಲ್ಲಿ ಅವರ ತಪ್ಪಿಲ್ಲ, ಅದಕ್ಕೆ ಅವರು ಬೆಲೆ ತೆರಬಾರದು.